ಬಿಎಸ್ಸಿ ಸೇರುವ ಮಕ್ಕಳಿಗೆ ಯಾವ ಸ್ಕಾಲರ್‌ಶಿಪ್ ಸಿಗುತ್ತೆ? ಯಾರಿಗೆ, ಎಷ್ಟು ಹಣ, ಎಲ್ಲಿ ಅರ್ಜಿ? ಇಲ್ಲಿದೆ ಮಾಹಿತಿ

ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆ ಅಂಕ ಬಂದರೆ ಮನೆಯಲ್ಲಿ ಮೊದಲು ಬರುವ ಮಾತು ಎಂಜಿನಿಯರಿಂಗ್, ಇಲ್ಲವೇ ನೀಟ್. ಎರಡೂ ಕೈಗೆಟುಕದಿದ್ದರೆ "ಬಿಎಸ್ಸಿ ಮಾಡಿ ಏನು ಸಿಗುತ್ತೆ" ಎಂಬ ಪ್ರಶ್ನೆ. ಆದರೆ ಮೂಲ ವಿಜ್ಞಾನ ಓದುವವರಿಗೆಂದೇ ಕೇಂದ್ರ ಸರ್ಕಾರ ವರ್ಷಕ್ಕೆ 80 ಸಾವಿರ ರೂ.ವರೆಗೆ ಕೊಡುವ ಯೋಜನೆ ಇದೆ. ರಾಜ್ಯ ಸರ್ಕಾರದ್ದು, ಖಾಸಗಿ ಫೌಂಡೇಶನ್‌ನದ್ದು ಬೇರೆ. ಅರ್ಹತೆ ಇದ್ದೂ ಅರ್ಜಿ ಹಾಕದೆ, ಹಾಕಿದರೂ ಬ್ಯಾಂಕ್ ಖಾತೆ ಸರಿಯಿಲ್ಲದೆ ಹಣ ಕಳೆದುಕೊಳ್ಳುವವರಿದ್ದಾರೆ. ಯಾವ ಸ್ಕಾಲರ್‌ಶಿಪ್ ಯಾರಿಗೆ ಅನ್ನೋದರ ವಿವರ ಹೀಗಿದೆ.

1. ಇನ್‌ಸ್ಪೈರ್ (ಶಿ): ವರ್ಷಕ್ಕೆ 80 ಸಾವಿರ

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಕಾರ್ಯಕ್ರಮ ಇದು. ಬಿಎಸ್ಸಿ, ಬಿಎಸ್ಸಿ ಆನರ್ಸ್ ಅಥವಾ ಇಂಟಿಗ್ರೇಟೆಡ್ ಎಂಎಸ್ಸಿಗೆ ಸೇರಿದವರಿಗೆ ಗರಿಷ್ಠ 5 ವರ್ಷದವರೆಗೆ ಸಿಗುತ್ತದೆ. ಅಂದರೆ ಮೂರು ವರ್ಷದ ಬಿಎಸ್ಸಿ, ಮುಂದೆ ಎರಡು ವರ್ಷದ ಎಂಎಸ್ಸಿ ಎರಡಕ್ಕೂ ಆಗುತ್ತದೆ.

80 ಸಾವಿರದಲ್ಲಿ 60 ಸಾವಿರ ರೂ. ನೇರವಾಗಿ ವಿದ್ಯಾರ್ಥಿಯ ಖಾತೆಗೆ. ಉಳಿದ 20 ಸಾವಿರ ಬೇಸಿಗೆ ರಜೆಯಲ್ಲಿ ಮಾಡುವ ಸಂಶೋಧನಾ ಪ್ರಾಜೆಕ್ಟ್‌ಗೆ. ಮಾರ್ಗದರ್ಶಕರ ಕೈಕೆಳಗೆ ಪ್ರಾಜೆಕ್ಟ್ ಮುಗಿಸಿ, ವರದಿ ಮತ್ತು ಸರ್ಟಿಫಿಕೇಟ್ ಸಲ್ಲಿಸಿದರಷ್ಟೇ ಆ ಹಣ.

ಯಾರಿಗೆ ಸಿಗುತ್ತೆ:
- 12ನೇ ತರಗತಿಯಲ್ಲಿ ತಮ್ಮ ಬೋರ್ಡ್‌ನ ಮೊದಲ ಶೇ 1ರೊಳಗೆ ಬಂದವರು. ಇಲ್ಲವೇ ಜೆಇಇ, ನೀಟ್‌ನಲ್ಲಿ 10 ಸಾವಿರದೊಳಗಿನ ರ್‍ಯಾಂಕ್ ಪಡೆದು ಮೂಲ ವಿಜ್ಞಾನ ಆಯ್ದುಕೊಂಡವರು.
- ವಯಸ್ಸು 17ರಿಂದ 22.
- ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಭೂವಿಜ್ಞಾನ, ಎಲೆಕ್ಟ್ರಾನಿಕ್ಸ್‌ನಂಥ ವಿಷಯ ಓದುವವರು. ಬಿಇ, ಎಂಬಿಬಿಎಸ್, ಕೃಷಿ ಪದವಿಗೆ ಇಲ್ಲ.

ಇದಕ್ಕೆ ಕುಟುಂಬದ ಆದಾಯ ಮಿತಿ ಇಲ್ಲ. ಅಂಗಡಿ ಇಟ್ಟುಕೊಂಡು ಐಟಿ ರಿಟರ್ನ್ಸ್ ಕಟ್ಟುವವರ ಮಕ್ಕಳೂ ಅರ್ಜಿ ಹಾಕಬಹುದು. "ನಮಗೆ ಬರಲ್ಲ ಬಿಡಿ" ಎಂದು ಸುಮ್ಮನಾಗಬೇಕಿಲ್ಲ.

ಗಮನಿಸಬೇಕಾದ್ದು ಒಂದಿದೆ. ಆಯಾ ವರ್ಷ ಪಿಯುಸಿ ಪಾಸಾಗಿ ಅದೇ ವರ್ಷ ಪದವಿಗೆ ಸೇರಿದವರಿಗೆ ಮಾತ್ರ ಈ ಸೌಲಭ್ಯ. ನೀಟ್ ಲಾಂಗ್ ಟರ್ಮ್ ಕೋಚಿಂಗ್‌ಗೆ ಒಂದು ವರ್ಷ ಬಿಟ್ಟು ಆಮೇಲೆ ಬಿಎಸ್ಸಿಗೆ ಬಂದರೆ ಪಿಯುಸಿ ಅಂಕದ ಮೇಲೆ ಸಿಗಬೇಕಿದ್ದ ಈ ಹಣ ಕೈತಪ್ಪುತ್ತದೆ. ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಅದು 4 ಲಕ್ಷ ರೂ. ಒಂದು ವರ್ಷ ಬಿಡುವ ತೀರ್ಮಾನಕ್ಕೆ ಮೊದಲು ಮನೆಯವರು ಕೂತು ಈ ಲೆಕ್ಕವನ್ನೂ ನೋಡುವುದು ಒಳ್ಳೆಯದು.

ಅರ್ಜಿ ಇನ್‌ಸ್ಪೈರ್ ಪೋರ್ಟಲ್‌ನಲ್ಲಿ ಆನ್‌ಲೈನ್ ಮಾತ್ರ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ನಿಗದಿತ ನಮೂನೆಯಲ್ಲಿ ಕಾಲೇಜು ಪ್ರಾಂಶುಪಾಲರ ಸಹಿ-ಮೊಹರು ಇರುವ ದೃಢೀಕರಣ ಪತ್ರ ಬೇಕು.

2. ಕೆವಿಪಿವೈ ಈಗ ಇಲ್ಲ

ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆ 1999ರಲ್ಲಿ ಶುರುವಾಗಿತ್ತು. ಅದರ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿತ್ತು. 2022ರಲ್ಲಿ ಇದನ್ನು ಇನ್‌ಸ್ಪೈರ್ ಜೊತೆ ಸೇರಿಸಲಾಯಿತು. ಕೆವಿಪಿವೈ ಕೋಚಿಂಗ್, ಅರ್ಜಿ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

3. ಕೇಂದ್ರೀಯ ವಲಯ ವಿದ್ಯಾರ್ಥಿವೇತನ: ವರ್ಷಕ್ಕೆ 12 ಸಾವಿರ

ಶೇ 1ರೊಳಗೆ ಬಾರದವರು ನೋಡಬೇಕಾದ್ದು ಇದನ್ನು. ಈಗ ಪಿಎಂ-ಯುಎಸ್‌ಪಿ ಹೆಸರಿನಲ್ಲಿದೆ. ಪದವಿಯ ಮೂರು ವರ್ಷ ವರ್ಷಕ್ಕೆ 12 ಸಾವಿರ, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20 ಸಾವಿರ ರೂ. ದೇಶಾದ್ಯಂತ ಪ್ರತಿ ವರ್ಷ 82 ಸಾವಿರ ಹೊಸಬರಿಗೆ ಸಿಗುತ್ತದೆ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಕ್ಕೆ 3:2:1ರಂತೆ ಹಂಚುವುದರಿಂದ ಸೈನ್ಸ್‌ನವರ ಪಾಲು ದೊಡ್ಡದು.

ಬೋರ್ಡ್‌ನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇದು ಶೇ 80 ಅಂಕ ಅಲ್ಲ. ಪಾಸಾದವರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ಐದನೇ ಒಂದು ಭಾಗದಲ್ಲಿರಬೇಕು ಎಂದರ್ಥ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರಬಾರದು. ರೆಗ್ಯುಲರ್ ಕೋರ್ಸ್ ಆಗಿರಬೇಕು, ದೂರಶಿಕ್ಷಣಕ್ಕೆ ಇಲ್ಲ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ (ಎನ್‌ಎಸ್‌ಪಿ) ಮೂಲಕ.

ಮುಂದಿನ ವರ್ಷ ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಕಡ್ಡಾಯ. ನವೀಕರಣದ ಅರ್ಜಿ ತಾನಾಗೇ ಆಗೋದಿಲ್ಲ, ಪ್ರತಿ ವರ್ಷ ವಿದ್ಯಾರ್ಥಿಯೇ ಹಾಕಬೇಕು.

4. ರಾಜ್ಯ ಸರ್ಕಾರದ್ದು: ಹೆಚ್ಚಿನವು ಎಸ್‌ಎಸ್‌ಪಿಯಲ್ಲಿ

ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲೇ (ಎಸ್‌ಎಸ್‌ಪಿ) ಅರ್ಜಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೊಟ್ಟರೆ ವಿವರ ತಾನಾಗಿ ಬರುತ್ತದೆ. ಹಾಗಾಗಿ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಮೊದಲು ನಾಡಕಚೇರಿಗೆ ಹೋಗಬೇಕು.

- ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಆಯಾ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಆದಾಯ ಮಿತಿ ವರ್ಗವಾರು ಬೇರೆ ಬೇರೆ.
- ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನ: ದ್ವಿತೀಯ ಪಿಯುಸಿಗೆ 20 ಸಾವಿರ, ಪದವಿಗೆ 25 ಸಾವಿರ ರೂ.
- ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಗದೆ ರೂಮು ಮಾಡಿಕೊಂಡಿರುವ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ.
- ಬಿಎಸ್ಸಿ ಓದುವವರಿಗೆ ಕಾಲೇಜು ಶಿಕ್ಷಣ ಇಲಾಖೆಯ ಸರ್ ಸಿ.ವಿ. ರಾಮನ್ ವಿದ್ಯಾರ್ಥಿವೇತನ. ಇದರ ವಿಚಾರ ಕಾಲೇಜು ಕಚೇರಿಯಲ್ಲೇ ಕೇಳಬೇಕು.
- ರೈತರ ಮಕ್ಕಳಿಗೆ 2021ರಲ್ಲಿ ಘೋಷಣೆಯಾದ ರೈತ ವಿದ್ಯಾನಿಧಿ. ಬಿಎ, ಬಿಎಸ್ಸಿ, ಬಿಕಾಂಗೆ ಆಗ ನಿಗದಿಯಾದ ಮೊತ್ತ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂ. ಇದಕ್ಕೆ ತಂದೆ ಅಥವಾ ತಾಯಿಯ ಹೆಸರಲ್ಲಿ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಇರಬೇಕು.

5. ಹೆಣ್ಣುಮಕ್ಕಳಿಗೆ 30 ಸಾವಿರ

ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30 ಸಾವಿರ ರೂ. ಕೊಡುತ್ತದೆ. 10 ಮತ್ತು 12 ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ಇದು. 2025-26ರಿಂದ ಕರ್ನಾಟಕವೂ ಸೇರಿದೆ. ಬಿಎಸ್ಸಿಗೂ ಅನ್ವಯ. ಅರ್ಜಿ ಉಚಿತ.

ಹಣ ಯಾಕೆ ವಾಪಸ್ ಹೋಗುತ್ತೆ?

ಆಯ್ಕೆಯಾದ ಮೇಲೂ ಹಣ ಬಾರದಿರಲು ಸಾಮಾನ್ಯ ಕಾರಣ ಬ್ಯಾಂಕ್ ಖಾತೆ. ಸರ್ಕಾರದ ಹೆಚ್ಚಿನ ವಿದ್ಯಾರ್ಥಿವೇತನ ಆಧಾರ್ ಆಧಾರಿತವಾಗಿ ಬರುತ್ತದೆ. ಪಾಸ್‌ಬುಕ್ ಕೊಟ್ಟರೆ ಸಾಲದು, ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಎರಡು ಮೂರು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದ ಖಾತೆಗೇ ಹಣ ಹೋಗುತ್ತದೆ.

ಪೂರ್ತಿ ಕೆವೈಸಿ ಆಗದ 'ಸ್ಮಾಲ್ ಅಕೌಂಟ್'ನಲ್ಲಿ 50 ಸಾವಿರಕ್ಕಿಂತ ಹೆಚ್ಚು ಹಣ ಇರುವಂತಿಲ್ಲ. ಇನ್‌ಸ್ಪೈರ್‌ನ 60 ಸಾವಿರ ಅಲ್ಲಿ ನಿಲ್ಲುವುದಿಲ್ಲ. ವಿದ್ಯಾರ್ಥಿಯ ಹೆಸರಲ್ಲೇ ಪೂರ್ಣ ಕೆವೈಸಿ ಇರುವ ಉಳಿತಾಯ ಖಾತೆ ಮಾಡಿಸಿ.

ಇನ್ನೊಂದು ತೊಡಕು ಹೆಸರು. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಪಾಸ್‌ಬುಕ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹೀಗಿದ್ದರೆ ತಂತ್ರಾಂಶ ಒಪ್ಪದೇ ಹೋಗಬಹುದು. ಅರ್ಜಿ ಶುರುವಾಗುವ ಮೊದಲೇ ಅಂಕಪಟ್ಟಿಯಲ್ಲಿರುವಂತೆ ಆಧಾರ್ ತಿದ್ದಿಸಿಕೊಳ್ಳಿ.

ಎರಡೂ ಸಿಗುತ್ತಾ?

ಕೇಂದ್ರೀಯ ವಲಯದ ವಿದ್ಯಾರ್ಥಿವೇತನ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಇಂಥ ಷರತ್ತು ಸರ್ಕಾರದ ಇನ್ನೂ ಹಲವು ಯೋಜನೆಗಳಲ್ಲಿದೆ. ಇನ್‌ಸ್ಪೈರ್‌ಗೆ ಆಯ್ಕೆಯಾದರೆ ಹೆಚ್ಚು ಮೊತ್ತ ಇರುವ ಅದನ್ನೇ ಉಳಿಸಿಕೊಳ್ಳುವುದು ಲಾಭ. ಅರ್ಜಿಯಲ್ಲಿ ಕೇಳಿದ ಕಡೆ ಬೇರೆ ವಿದ್ಯಾರ್ಥಿವೇತನದ ವಿವರ ಮುಚ್ಚಿಡಬಾರದು.

ಮೋಸ ಹೋಗಬೇಡಿ

ಮೇಲಿನ ಯಾವ ಸರ್ಕಾರಿ ಯೋಜನೆಗೂ ಅರ್ಜಿ ಶುಲ್ಕ ಇಲ್ಲ. ಸೈಬರ್ ಸೆಂಟರ್‌ನವರಿಗೆ ಕೊಡುವುದು ಅವರ ಕೆಲಸದ ಹಣ ಮಾತ್ರ. "ಸ್ಕಾಲರ್‌ಶಿಪ್ ಮಂಜೂರಾಗಿದೆ, ಒಟಿಪಿ ಹೇಳಿ" ಎಂದು ಫೋನ್ ಬಂದರೆ ಕಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಸೆಂಟರ್‌ನಲ್ಲಿ ಅರ್ಜಿ ಹಾಕಿಸುವಾಗ ಅಂಗಡಿಯವರ ಮೊಬೈಲ್ ನಂಬರ್ ಕೊಡಬೇಡಿ. ಮುಂದಿನ ವರ್ಷದ ನವೀಕರಣಕ್ಕೆ ಒಟಿಪಿ ಅದೇ ನಂಬರಿಗೆ ಬರುತ್ತದೆ.

ಕೊನೆ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಅರ್ಜಿ ಹಾಕಿದ ಮೇಲೆ ಪ್ರಿಂಟ್ ತೆಗೆದು ಕಾಲೇಜಿಗೆ ಕೊಟ್ಟು, ಕಾಲೇಜಿನವರು ಆನ್‌ಲೈನ್‌ನಲ್ಲಿ ಪರಿಶೀಲನೆ ಮಾಡಿದ್ದಾರೆಯೇ ಎಂದು ಒಂದು ವಾರದಲ್ಲಿ ವಿಚಾರಿಸಿ. ಕಾಲೇಜಿನ ಹಂತದಲ್ಲೇ ನಿಂತ ಅರ್ಜಿ ಮುಂದೆ ಹೋಗುವುದಿಲ್ಲ.