ಅಮರಕೋಶದಿಂದ ವಾಲ್ಟೇರಿನವರೆಗೆ

ವಿಶಾಖಪಟ್ಟಣದಲ್ಲಿ ಇಂಗ್ಲಿಷ್ ಕಲಿಸುವ ಕನ್ನಡಿಗ ನಾನು. ಪರೀಕ್ಷೆಗಾಗಿ ಅರ್ಥ, ಸಮಾನಾರ್ಥಕ, ವಿರುದ್ಧಾರ್ಥಕಗಳನ್ನು ಬಾಯಿಪಾಠ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಈ ಓದಿನ ಬೇರು ಎಷ್ಟು ಹಳೆಯದೆಂದು ತಿಳಿಯಬೇಕು. ಒಂದೊಂದು ವಸ್ತುವಿಗೂ ಇರುವ ಹಲವು ಹೆಸರುಗಳನ್ನು ಶ್ಲೋಕಗಳಲ್ಲಿ ಪೋಣಿಸಿದ, ಅಮರಸಿಂಹನ ಸಂಸ್ಕೃತ ನಿಘಂಟು ಅಮರಕೋಶವನ್ನು ತೆಲುಗು, ಕನ್ನಡ ನಾಡುಗಳೆರಡರಲ್ಲೂ ಹುಡುಗರು ಉರುಹೊಡೆಯುತ್ತಿದ್ದರು. ಪರ್ಯಾಯ ಪದಗಳ ಅಭ್ಯಾಸ ಇಂಗ್ಲಿಷಿನಿಂದ ಬಂದದ್ದಲ್ಲ.

ಇಂಗ್ಲಿಷಿನ ನಂಟಿನ ಕೋಶಗಳು ಆಮೇಲೆ ಬಂದವು. ಮಚಲಿಪಟ್ಟಣ, ರಾಜಮಹೇಂದ್ರಿಗಳಲ್ಲಿ ಅಧಿಕಾರಿಯಾಗಿದ್ದ ಸಿ.ಪಿ. ಬ್ರೌನ್ ಅವರ ತೆಲುಗು–ಇಂಗ್ಲಿಷ್ ನಿಘಂಟು 1852ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಪೀಟರ್ ಮಾರ್ಕ್ ರೋಜೆಯವರ ಸಮಾನಾರ್ಥಕಗಳ ಕೋಶ, ಥೆಸಾರಸ್, ಹೊರಬಂತು. ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ಕೋಶ ಬಂದದ್ದು 1894ರಲ್ಲಿ.

ನಾನಿರುವ ಊರಿನ ಉನ್ನತ ವಿದ್ಯೆಗೂ ಕನ್ನಡ ನಾಡಿನ ನಂಟಿದೆ. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಶುರುವಾದ ಆಂಧ್ರ ವಿಶ್ವವಿದ್ಯಾಲಯ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಬಂತು. ಮೊದಲ ಕುಲಪತಿ ಸಿ.ಆರ್. ರೆಡ್ಡಿ, 1931ರಲ್ಲಿ ಆ ಹುದ್ದೆಗೆ ಬಂದ ರಾಧಾಕೃಷ್ಣನ್, ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. 1947ರಲ್ಲಿ ಕೆ.ಆರ್. ಶ್ರೀನಿವಾಸ ಅಯ್ಯಂಗಾರ್ ಇಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು.

ಮತ್ತೆ ಅಮರಕೋಶಕ್ಕೆ ಬಂದರೆ, ಅಮರಸಿಂಹ ಹೆಸರುಗಳ ಜೊತೆಗೆ ಅವುಗಳ ಲಿಂಗವನ್ನೂ ಹೇಳಿಕೊಟ್ಟ. ಪದವನ್ನು ಬಳಸಲು ಬೇಕಾದದ್ದನ್ನೂ ಕೊಟ್ಟ. ಬರೀ ಪಟ್ಟಿ ಅಷ್ಟು ಕೊಡುವುದಿಲ್ಲ. ಆದ್ದರಿಂದ ಪ್ರತಿ ಹೊಸ ಪದಕ್ಕೂ ವಿದ್ಯಾರ್ಥಿಗಳಿಂದ ಸ್ವಂತ ವಾಕ್ಯವೊಂದನ್ನು ಬರೆಸುತ್ತೇನೆ.