ಜಿಲ್ಲಾ ಪೊಲೀಸ್: ಹಣಕಾಸು ಮತ್ತು ಒಪ್ಪಂದದ ಅಧಿಕಾರ (ಕಲಬುರಗಿ ಜಿಲ್ಲೆ)

ಜಿಲ್ಲೆಯೊಂದರ ಪೊಲೀಸ್ ಪಡೆಗೆ ಹಣ ಕೊಡುವವರು ಯಾರು, ಅದರ ಸೇವೆಯನ್ನು ಒಪ್ಪಂದದ ಮೇಲೆ ಪಡೆಯುವ ಅಧಿಕಾರ ಯಾರಿಗಿದೆ ಎಂಬುದು ಈ ಲೇಖನದ ವಿಷಯ. ಚಿತ್ತಾಪುರ ತಾಲೂಕಿನ ಗುಂಡಗುರ್ತಿಯಿಂದ ಸೇಡಂ, ವಾಡಿ, ಶಹಾಬಾದ್, ಚಿಂಚೋಳಿವರೆಗಿನ ಊರುಗಳಲ್ಲಿ ಇಂದು ಎರಡೂ ಅಧಿಕಾರಗಳು ರಾಜ್ಯ ಸರ್ಕಾರದ ಕೈಯಲ್ಲಿವೆ. ಜಿಲ್ಲಾ ಪಂಚಾಯಿತಿಗಾಗಲಿ, ಗ್ರಾಮ ಪಂಚಾಯಿತಿಗಾಗಲಿ ಇವುಗಳಲ್ಲಿ ಪಾಲಿಲ್ಲ.

ಮೊದಲು ಹೀಗಿರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ಹಳ್ಳಿಗಳ ಕಾವಲು ಊರಿನ ಹೊಣೆಯಾಗಿತ್ತು. ಕಂದಾಯ ವಸೂಲಿಗೆ ಮಾಲಿಪಾಟೀಲರಿದ್ದಂತೆ, ಕಳವು, ಜಗಳ, ಅನುಮಾನದ ಸಾವುಗಳ ವರದಿಗೆ ಪೊಲೀಸ್ ಪಾಟೀಲರಿದ್ದರು. ಎರಡೂ ವಂಶಪಾರಂಪರ್ಯದ ವತನಗಳು. ಕಲಬುರಗಿ ಭಾಗದಲ್ಲಿ ಇಂದಿಗೂ ಮಾಲಿಪಾಟೀಲ, ಪೊಲೀಸ್ ಪಾಟೀಲ ಎಂಬ ಅಡ್ಡಹೆಸರುಗಳು ಉಳಿದಿವೆ. ಪಾಟೀಲರ ಕೈಕೆಳಗಿನ ತಳವಾರನಿಗೆ ಸರ್ಕಾರದ ತಿಂಗಳ ಸಂಬಳವಿರಲಿಲ್ಲ. ಇನಾಮು ಹೊಲವೂ ಸುಗ್ಗಿಯಲ್ಲಿ ರೈತರು ಕೊಡುವ ಆಯವೂ ಅವನ ಬದುಕಾಗಿತ್ತು. ದೊಡ್ಡ ಜಾಗೀರುಗಳಲ್ಲಿ ಪೊಲೀಸರೂ ಜಾಗೀರುದಾರರ ಕಡೆಯವರೇ ಆಗಿದ್ದರು. ಅನ್ನ ಕೊಟ್ಟವನ ಮಾತನ್ನೇ ಕಾವಲುಗಾರ ಕೇಳಬೇಕಾಗಿತ್ತು. ಬಡ ರೈತನೂ ಕೂಲಿಕಾರನೂ ದೂರು ಹೇಳಿಕೊಳ್ಳಲು ಬೇರೆ ಬಾಗಿಲಿರಲಿಲ್ಲ. ಆ ವ್ಯವಸ್ಥೆಯ ದೊಡ್ಡ ಅನ್ಯಾಯ ಅದೇ.

ನಿಜಾಮರ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಇದು ಹಂತಹಂತವಾಗಿ ಕಳಚಿತು. 1949ರಲ್ಲಿ ಜಾಗೀರುಗಳು ರದ್ದಾದವು, ಅವುಗಳ ಆಡಳಿತ ಸರ್ಕಾರಕ್ಕೆ ಸೇರಿತು. 1956ರ ನವೆಂಬರ್ 1ರಂದು ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಪಾಟೀಲಿಕೆಯನ್ನು ಕೊನೆಗಾಣಿಸಿತು. ಬೇರೆ ಬೇರೆ ಸೀಮೆಗಳ ಹಳೆಯ ಕಾನೂನುಗಳ ಜಾಗಕ್ಕೆ 1963ರ ಪೊಲೀಸ್ ಕಾಯ್ದೆ ಬಂದು, ಇಡೀ ರಾಜ್ಯಕ್ಕೆ ಒಂದೇ ಪೊಲೀಸ್ ಪಡೆ ಎಂದು ನಿಗದಿಪಡಿಸಿತು. ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯೂ ರೈಲ್ವೆ ಮತ್ತು ಗ್ರಾಮ ಪೊಲೀಸರನ್ನು ಒಳಗೊಂಡಂತೆ ಪೊಲೀಸ್ ವಿಷಯವನ್ನು ರಾಜ್ಯಕ್ಕೇ ಕೊಟ್ಟಿದೆ.

ಹಣ ಬರುವ ದಾರಿಯೂ ಮೇಲಿನಿಂದಲೇ. ವಿಧಾನಮಂಡಲ ಒಪ್ಪಿದ ಬಜೆಟ್ಟಿನಲ್ಲಿ ಪೊಲೀಸ್ ಖರ್ಚು 2055ನೇ ಲೆಕ್ಕಶೀರ್ಷಿಕೆಯಲ್ಲೂ ಕಟ್ಟಡದಂಥ ಬಂಡವಾಳ ವೆಚ್ಚ 4055ರಲ್ಲೂ ಬರುತ್ತದೆ. ಗೃಹ ಇಲಾಖೆಯಿಂದ ಪೊಲೀಸ್ ಮಹಾನಿರ್ದೇಶಕರಿಗೆ, ಅಲ್ಲಿಂದ ಜಿಲ್ಲಾ ವರಿಷ್ಠಾಧಿಕಾರಿಗೆ ಅನುದಾನ ಇಳಿಯುತ್ತದೆ. ಅದರ ಬಹುಪಾಲು ಸಂಬಳ, ಭತ್ಯೆಗಳಿಗೇ ಹೋಗುತ್ತದೆ. ವಾಹನ, ವೈರ್‌ಲೆಸ್, ವಿಧಿವಿಜ್ಞಾನ ಸಲಕರಣೆಗಳಿಗೆ 1969-70ರಿಂದ ಕೇಂದ್ರದ ಪೊಲೀಸ್ ಆಧುನೀಕರಣ ಯೋಜನೆಯ ನೆರವಿದೆ. ಠಾಣೆ, ವಸತಿಗೃಹಗಳನ್ನು ಕಟ್ಟಿಸುವುದು ರಾಜ್ಯ ಪೊಲೀಸ್ ವಸತಿ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮ. ವರಿಷ್ಠಾಧಿಕಾರಿ ತನಗೆ ವಹಿಸಿಕೊಟ್ಟ ಮಿತಿಯೊಳಗೆ ಮಾತ್ರ ಖರೀದಿಸಬಹುದು. ಅದಕ್ಕೆ ಮೇಲ್ಪಟ್ಟದ್ದಕ್ಕೆ ಬೆಂಗಳೂರಿನ ಮಂಜೂರಾತಿ ಬೇಕು. ಟೆಂಡರುಗಳು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಗೆ ಒಳಪಟ್ಟಿವೆ.

ಹಣ ಕೊಟ್ಟು ಪೊಲೀಸ್ ಸೇವೆ ಪಡೆಯುವ ಪದ್ಧತಿ ಭಾರತದಲ್ಲಿ ಇಲ್ಲವೆಂದಲ್ಲ. ಬ್ರಿಟಿಷ್ ಭಾರತದ 1861ರ ಪೊಲೀಸ್ ಕಾಯ್ದೆಯ 13ನೇ ಕಲಮು, ಅರ್ಜಿ ಹಾಕಿದವರ ಖರ್ಚಿನಲ್ಲಿ ಹೆಚ್ಚುವರಿ ಪೊಲೀಸರನ್ನು ಒದಗಿಸಲು ಅವಕಾಶ ಕೊಟ್ಟಿತು. 14ನೇ ಕಲಮು ರೈಲುಹಾದಿ, ಕಾಲುವೆ, ಕಾರ್ಖಾನೆಗಳ ಕೆಲಸ ನಡೆಯುವಲ್ಲಿ ಅದನ್ನೇ ವಿಸ್ತರಿಸಿತು. ಖರ್ಚು ಕೊಟ್ಟರೂ ಆ ಪೊಲೀಸರು ತಮ್ಮ ಅಧಿಕಾರಿಗಳ ಆಜ್ಞೆಯಲ್ಲೇ ಇರಬೇಕಿತ್ತು. ಜಾಗೀರಿನ ಪೊಲೀಸರಿಗೂ ಇವರಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ವಾಡಿ ಜಂಕ್ಷನ್ ಇದಕ್ಕೆ ಹತ್ತಿರದ ಉದಾಹರಣೆ. 1874ರಲ್ಲಿ ಇಲ್ಲಿಂದ ಸಿಕಂದರಾಬಾದಿಗೆ ನಿಜಾಮರ ರೈಲುಹಾದಿ ತೆರೆಯಿತು. ಇಂದು ನಿಲ್ದಾಣದಲ್ಲಿ ಎರಡು ಪಡೆಗಳಿವೆ. ರೈಲ್ವೆ ಆಸ್ತಿಯನ್ನು ಕಾಯುವ ರೈಲ್ವೆ ರಕ್ಷಣಾ ಪಡೆ ಕೇಂದ್ರದ್ದು, ಅದಕ್ಕೆ ಆಧಾರ 1957ರ ಕಾಯ್ದೆ. ಕಳವು, ಕೊಲೆಗಳ ಪ್ರಕರಣ ದಾಖಲಿಸುವ ರೈಲ್ವೆ ಪೊಲೀಸರು ರಾಜ್ಯದವರು. ಈ ಎರಡನೆಯವರ ಖರ್ಚನ್ನು ರಾಜ್ಯವೂ ರೈಲ್ವೆಯೂ ಅರ್ಧರ್ಧ ಹಂಚಿಕೊಳ್ಳುತ್ತವೆ. ಹಣದಲ್ಲಿ ಅರ್ಧ ಪಾಲು ಕೊಟ್ಟ ಮಾತ್ರಕ್ಕೆ ತನಿಖೆಯ ಮೇಲೆ ರೈಲ್ವೆಗೆ ಹಿಡಿತ ಬರುವುದಿಲ್ಲ.

ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳ ಸಂಗತಿ ಬೇರೆ. ಅವು ಕಾವಲಿಗೆ ನೇಮಿಸಬಹುದಾದ ಖಾಸಗಿ ಸಂಸ್ಥೆಗಳಿಗೆ 2005ರ ಕಾಯ್ದೆಯಂತೆ ಪರವಾನಗಿ ಬೇಕು. ಅವುಗಳ ಕಾವಲುಗಾರರಿಗೆ ಪೊಲೀಸ್ ಅಧಿಕಾರವಿಲ್ಲ. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯನ್ನು ಖರ್ಚು ಭರಿಸಿ ಪಡೆಯುವ ಅವಕಾಶ ಮೊದಲು ಸಾರ್ವಜನಿಕ ಉದ್ಯಮಗಳಿಗೆ ಸೀಮಿತವಾಗಿತ್ತು. 2009ರ ತಿದ್ದುಪಡಿ ಅದನ್ನು ಖಾಸಗಿ ಉದ್ಯಮಗಳಿಗೂ ತೆರೆಯಿತು.

ಅಮೆರಿಕದ ಕೌಂಟಿಗಳ ಪದ್ಧತಿ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಸಾಮಾನ್ಯವಾಗಿ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಜನರಿಂದ ಆಯ್ಕೆಯಾಗುತ್ತಾನೆ, ಅವನ ಬಜೆಟ್ಟನ್ನು ಕೌಂಟಿಯ ಚುನಾಯಿತ ಮಂಡಳಿ ಮಂಜೂರು ಮಾಡುತ್ತದೆ. ಕ್ಯಾಲಿಫೋರ್ನಿಯಾದ ಲೇಕ್‌ವುಡ್ 1954ರಲ್ಲಿ ನಗರವಾದಾಗ ಸ್ವಂತ ಪೊಲೀಸ್ ಪಡೆ ಕಟ್ಟದೆ, ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಅನೇಕ ಸಣ್ಣ ನಗರಗಳು ಅದೇ ದಾರಿ ಹಿಡಿದವು.

ಕಲಬುರಗಿ ಜಿಲ್ಲೆಯ ಯಾವ ಪುರಸಭೆಗೂ ಪಂಚಾಯಿತಿಗೂ ಹಾಗೆ ಮಾಡಲು ಬರುವುದಿಲ್ಲ. ಸಂವಿಧಾನದ 73ನೇ ತಿದ್ದುಪಡಿಯ 11ನೇ ಅನುಸೂಚಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ, ಪೊಲೀಸ್ ಅವುಗಳಲ್ಲಿಲ್ಲ. ಠಾಣೆ ಒಬ್ಬ ಧಣಿಯ ಸ್ವತ್ತಾಗದಂತೆ ತಡೆದದ್ದು ಈ ಕೇಂದ್ರೀಕರಣ, ಅದನ್ನು ಬಿಟ್ಟುಕೊಡಬಾರದು. ಆದರೆ ತೆಲಂಗಾಣ ಗಡಿಯಂಚಿನ ಚಿಂಚೋಳಿಯ ಹಳ್ಳಿಗಳಿಗೆ ಗಸ್ತು ಜೀಪು ಬೇಕೇ, ಗುಂಡಗುರ್ತಿಗೆ ಇನ್ನಷ್ಟು ಸಿಬ್ಬಂದಿ ಬೇಕೇ ಎಂಬುದನ್ನು ಹಣದ ಲೆಕ್ಕದೊಂದಿಗೆ ಚರ್ಚಿಸುವ ಚುನಾಯಿತ ವೇದಿಕೆ ಜಿಲ್ಲೆಯೊಳಗೆ ಇಲ್ಲದಿರುವುದು ನಿಜವಾದ ಕೊರತೆ. ಶಾಸಕರು ಸದನದಲ್ಲಿ ಕೇಳಬಹುದು, ಪಂಚಾಯಿತಿ ಠರಾವು ಬರೆದು ಕಳಿಸಬಹುದು. ಸ್ಥಳೀಯರ ಪಾಲು ಗಟ್ಟಿಯಾಗಿರುವುದು ನೇಮಕಾತಿಯಲ್ಲಿ. 371(ಜೆ) ವಿಧಿಯಡಿ ಹೊರಟ 2013ರ ಆದೇಶದಂತೆ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ. 80ರಷ್ಟು ಈ ಭಾಗದವರಿಗೆ ಮೀಸಲು. ಕಾನ್‌ಸ್ಟೆಬಲ್ ಹುದ್ದೆಗಳಿಗೂ ಇದು ಅನ್ವಯಿಸುತ್ತದೆ.