ಜೋಸೆಫನ ನಿಲುವಂಗಿ ಮತ್ತು ಕೊಡಗಿನ ಅರಸನ ಎರಡು ಕೊಡುಗೆಗಳು

ಪವಿತ್ರ ಗ್ರಂಥದ ಆದಿಕಾಂಡದಲ್ಲಿ ಒಂದೇ ದೋಷವು ಒಂದೇ ಮನೆತನವನ್ನು ತಲೆತಲಾಂತರವಾಗಿ ಬೆನ್ನಟ್ಟಿ ಬರುವುದನ್ನು ಕಾಣುತ್ತೇವೆ. ಇಸಾಕನಿಗೆ ಏಸಾವನು ಪ್ರಿಯ; ರೆಬೆಕ್ಕಳಿಗೆ ಯಕೋಬನು ಪ್ರಿಯ. ತಂದೆತಾಯಿಗಳ ಈ ಪಕ್ಷಪಾತದ ಫಲವಾಗಿ ಹುಟ್ಟಿದ ಮನೆಯನ್ನೇ ತೊರೆದು ಓಡಬೇಕಾಗಿ ಬಂದ ಯಕೋಬನು, ತಾನು ತಂದೆಯಾದಾಗ ಅದೇ ದಾರಿಯನ್ನು ಹಿಡಿದನು. ವರ್ಷಗಳ ತರುವಾಯ ಏಸಾವನು ನಾನೂರು ಮಂದಿಯೊಡನೆ ಎದುರಾದಾಗ ಯಕೋಬನು ದಾಸಿಯರನ್ನೂ ಅವರ ಮಕ್ಕಳನ್ನೂ ಮುಂದೆ ನಿಲ್ಲಿಸಿದನು. ಅವರ ಹಿಂದೆ ಲೇಯಳು ಮತ್ತು ಆಕೆಯ ಮಕ್ಕಳು. ಎಲ್ಲರಿಗಿಂತ ಹಿಂದೆ, ಸುರಕ್ಷಿತವಾಗಿ, ರಾಖೇಲಳು ಮತ್ತು ಜೋಸೆಫ. ಯಾರ ಪ್ರಾಣಕ್ಕೆ ಎಷ್ಟು ಬೆಲೆಯೆಂಬುದನ್ನು ಆ ಮಕ್ಕಳು ಅಂದೇ ಕಣ್ಣಾರೆ ಕಂಡಿದ್ದರು.

ಹೀಗಿರಲು, ಹದಿನೇಳರ ಜೋಸೆಫನಿಗೆ ದೊರೆತ ನಿಲುವಂಗಿಯೊಂದೇ ಕಲಹಕ್ಕೆ ಕಾರಣವೆಂದು ತಿಳಿಯುವುದು ಸರಿಯಲ್ಲ. ಆ ಉಡುಪಿಗೆ ಬಳಸಿರುವ ಹೀಬ್ರೂ ಮಾತು ಸಮುವೇಲನ ಎರಡನೆಯ ಗ್ರಂಥದಲ್ಲಿ ಮತ್ತೆ ಬರುತ್ತದೆ. ಅಲ್ಲಿ ಅದು ದಾವೀದನ ಮಗಳು ತಾಮಾರಳು ಧರಿಸಿದ್ದ, ಅರಸನ ಕನ್ಯಾಕುಮಾರಿಯರ ಉಡುಪು. ಸೋದರರು ಅಸೂಯೆಪಟ್ಟದ್ದು ಬಟ್ಟೆಗಾಗಿ ಅಲ್ಲ, ಅದು ಸಾರಿದ ಘೋಷಣೆಗಾಗಿ. ಹೊಲದಲ್ಲಿ ದುಡಿಯುವವರ ನಡುವೆ ಒಬ್ಬನಿಗೆ ಮಾತ್ರ ರಾಜವಸ್ತ್ರ! ಕೊಟ್ಟ ತಂದೆ ಮನೆಯಲ್ಲಿ ನೆಮ್ಮದಿಯಾಗಿದ್ದನು. ತೊಟ್ಟ ಮಗನು ಬಾವಿಯ ಪಾಲಾಗಿ, ಇಪ್ಪತ್ತು ಬೆಳ್ಳಿನಾಣ್ಯಗಳಿಗೆ ಮಾರಾಟವಾದನು.

ಇಂತಹ ಒಲವಿಗೆ ಕಡಿವಾಣ ಬೇಕೆಂಬುದನ್ನು ಮೋಶೆಯ ಧರ್ಮಶಾಸ್ತ್ರ ಬಲ್ಲದು. ಇಬ್ಬರು ಹೆಂಡಂದಿರುಳ್ಳವನು ಮೆಚ್ಚಿನವಳ ಮಗನಿಗೆ ಜ್ಯೇಷ್ಠತ್ವವನ್ನು ಕೊಡಬಾರದು. ಚೊಚ್ಚಲು ಮಗನು ಒಲ್ಲದವಳಿಗೆ ಹುಟ್ಟಿದವನಾದರೂ ಎರಡು ಪಾಲು ಅವನದೇ ಎಂದು ಧರ್ಮೋಪದೇಶಕಾಂಡದ 21ನೆಯ ಅಧ್ಯಾಯ ವಿಧಿಸುತ್ತದೆ. ಹುದಿಕೇರಿಯ ನಮಗೆ ಇದು ತೀರ ಅಪರಿಚಿತವಾದ ವಿಚಾರವೇನಲ್ಲ. ನಮ್ಮ ನೆರೆಯ ಕೊಡವ ಒಕ್ಕಗಳಲ್ಲಿ ಜಮ್ಮಾ ಭೂಮಿಯನ್ನು ಹಿಂದೆ ಮಾರುವಂತಿರಲಿಲ್ಲ, ಪಾಲು ಮಾಡುವಂತೆಯೂ ಇರಲಿಲ್ಲ. ಪಟ್ಟೇದಾರನು ಒಕ್ಕದ ಪರವಾಗಿ ಅದನ್ನು ನೋಡಿಕೊಳ್ಳುವವನೇ ಹೊರತು ಮೆಚ್ಚಿನ ಮಗನಿಗೆ ಗದ್ದೆಯೊಂದನ್ನು ಎತ್ತಿಕೊಡಬಲ್ಲವನಾಗಿರಲಿಲ್ಲ. ಒಲವು ಐನ್‌ಮನೆಯ ಕೈಸಾಲೆಯನ್ನು ದಾಟಿ ಗದ್ದೆಗೆ ಇಳಿಯದಂತೆ ಕಟ್ಟಳೆಯೇ ತಡೆದಿತ್ತು. (ಹೆಣ್ಣುಮಕ್ಕಳ ಪಾಲಿಗೆ ಆ ಕಟ್ಟಳೆ ಅಷ್ಟೇನೂ ಉದಾರವಾಗಿರಲಿಲ್ಲ ಎಂಬುದನ್ನೂ ಹೇಳಬೇಕು.)

ಅರಮನೆಗೆ ಮಾತ್ರ ಅಂತಹ ತಡೆಯಿರಲಿಲ್ಲ. 1796ರಲ್ಲಿ ನಾಲ್ಕುನಾಡಿನ ಅರಮನೆಯಲ್ಲಿ ದೊಡ್ಡವೀರರಾಜೇಂದ್ರನು ಮಹದೇವಮ್ಮಾಜಿಯನ್ನು ವರಿಸಿದನು. ಯಕೋಬನಿಗೆ ರಾಖೇಲಳು ಹೇಗೋ ಈ ಅರಸನಿಗೆ ಆ ರಾಣಿ ಹಾಗೆ. ಆಕೆಯಲ್ಲಿ ಗಂಡುಸಂತಾನವಾಗಲಿಲ್ಲ, 1807ರಲ್ಲಿ ಆಕೆ ತೀರಿಕೊಂಡಳು. ಆ ಶೋಕದಿಂದ ಅರಸನು ಚೇತರಿಸಿಕೊಳ್ಳಲಿಲ್ಲ. ಸಂಶಯ ಕ್ರೋಧಗಳು ಅವನನ್ನು ಆವರಿಸಿದವು. ಆಕೆಯ ಹಿರಿಯ ಮಗಳು ದೇವಮ್ಮಾಜಿಗೇ ಸಿಂಹಾಸನ ಸಲ್ಲಬೇಕೆಂದು ಹಟ ಹಿಡಿದು, ಅದಕ್ಕೆ ಈಸ್ಟ್ ಇಂಡಿಯಾ ಕಂಪೆನಿಯ ಸಮ್ಮತಿಯನ್ನೂ ಕೋರಿದನು. 1809ರಲ್ಲಿ ಅವನು ಕಣ್ಮುಚ್ಚಿದಾಗ ಆ ಕುಮಾರಿಗೆ ಹತ್ತರ ಆಸುಪಾಸಿನ ವಯಸ್ಸು. ಆಡಳಿತ ಆಕೆಯ ಚಿಕ್ಕಪ್ಪ ಲಿಂಗರಾಜನ ಕೈ ಸೇರಿತು. 1811ರಲ್ಲಿ ಅವನು ತಾನೇ ಅರಸನೆಂದು ಸಾರಿದನು. (ಮಾಸ್ತಿಯವರ ಕಾದಂಬರಿಯಲ್ಲಿ ಬರುವ ದೇವಮ್ಮಾಜಿ ಬೇರೆ, ಆಕೆ ಚಿಕ್ಕವೀರರಾಜನ ತಂಗಿ.) ಮಗಳನ್ನು ಪಟ್ಟಕ್ಕೆ ಆರಿಸಿದ್ದು ದೋಷವೆಂದು ನಾನು ಹೇಳಲಾರೆ. ಆದರೆ ತನ್ನ ಮರಣಾನಂತರ ಆ ಮಗುವಿನ ಬೆನ್ನಿಗೆ ಯಾರು ನಿಲ್ಲುವರೆಂಬುದನ್ನು ಭದ್ರಪಡಿಸದೆ, ಬಂಧುಗಳೆಲ್ಲರ ಕಣ್ಣ ಮುಂದೆ ಆಕೆಗೆ ರಾಜ್ಯವನ್ನು ಹೊದಿಸಿದ್ದು, ಜೋಸೆಫನಿಗೆ ನಿಲುವಂಗಿ ತೊಡಿಸಿದಂತೆಯೇ ಆಯಿತು.

ಇದೇ ಅರಸನ ಇನ್ನೊಂದು ಕೊಡುಗೆ ನಮಗೆ ಹತ್ತಿರದ್ದು. 1784ರಲ್ಲಿ ಕೆನರಾ ಕರಾವಳಿಯ ಕಥೋಲಿಕರನ್ನು ಟಿಪ್ಪು ಸುಲ್ತಾನನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನಷ್ಟೆ. ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆಲವರು ಕೊಡಗಿನಲ್ಲಿ ಆಶ್ರಯ ಬೇಡಿದರು. ದೊಡ್ಡವೀರರಾಜೇಂದ್ರನೂ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಾಳಾಗಿದ್ದು 1788ರಲ್ಲಿ ಪಾರಾಗಿ ಬಂದವನು. ಸೆರೆಯ ರುಚಿ ಬಲ್ಲವನು. 1792ರಲ್ಲಿ ತನ್ನ ಹೆಸರಿನಲ್ಲಿ ಸ್ಥಾಪಿಸಿದ ವೀರರಾಜಪೇಟೆಯಲ್ಲಿ ಅವರನ್ನು ನೆಲೆಗೊಳಿಸಿ, ದೇವಾಲಯಕ್ಕೆ ಭೂಮಿಯನ್ನಿತ್ತನು. ಸಂತ ಅನ್ನಮ್ಮನವರ ದೇವಾಲಯದ ಮೂಲ ಅದು. ಇಂದಿನ ಗೋಥಿಕ್ ಶೈಲಿಯ ಕಟ್ಟಡ ತರುವಾಯದ್ದು. ಪಡೆದವರು ಅವನ ರಕ್ತಸಂಬಂಧಿಗಳಲ್ಲ, ಸ್ವಧರ್ಮೀಯರೂ ಅಲ್ಲ, ಸ್ವಭಾಷಿಕರೂ ಅಲ್ಲ. ಆ ಕೊಡುಗೆಯಿಂದ ಅರಮನೆಯ ಯಾವ ಮಗುವಿನ ಪಾಲೂ ಕಡಿಮೆಯಾಗಲಿಲ್ಲ. ಮಗಳಿಗಿತ್ತ ರಾಜ್ಯ ಎರಡೇ ವರ್ಷಗಳಲ್ಲಿ ಕೈತಪ್ಪಿತು. ಪರದೇಶಿಗಳಿಗಿತ್ತ ನೆಲದಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತಿದೆ.

ಲಿಂಗರಾಜನು ಯೆಹೂದನಾಗಬಹುದಿತ್ತು. ಜೋಸೆಫನನ್ನು ಮಾರೋಣವೆಂದು ಸೂಚಿಸಿದವನು ಈ ಯೆಹೂದನೇ. ಕ್ಷಾಮಕಾಲದಲ್ಲಿ ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದ ಸೋದರರು ಅಧಿಪತಿಯಾಗಿದ್ದ ಜೋಸೆಫನನ್ನು ಗುರುತಿಸಲಿಲ್ಲ. ಅವನು ಊಟದಲ್ಲಿ ಬೆನ್ಯಮೀನನಿಗೆ ಉಳಿದವರಿಗಿಂತ ಐದು ಪಾಲು ಹೆಚ್ಚು ಬಡಿಸಿದನು. ಮತ್ತೆ ಅದೇ ಪಕ್ಷಪಾತ, ಆದರೆ ಈ ಬಾರಿ ಬೇಕೆಂದೇ; ಅವರ ಮುಖಗಳನ್ನು ನೋಡುವುದಕ್ಕಾಗಿ ಎಂದು ನನಗೆ ತೋರುತ್ತದೆ. ಯಾರೂ ಮುನಿಯಲಿಲ್ಲ. ಬಳಿಕ ಬೆನ್ಯಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಸಿಕ್ಕಿ ಅವನು ದಾಸನಾಗಬೇಕೆಂದು ತೀರ್ಮಾನವಾದಾಗ ಯೆಹೂದನು ಮುಂದೆ ಬಂದನು. ತಂದೆಯ ಪ್ರಾಣವು ಈ ಹುಡುಗನ ಪ್ರಾಣಕ್ಕೆ ಅಂಟಿಕೊಂಡಿದೆಯೆಂಬುದನ್ನು ಅವನು ದೂರಿನಂತೆ ಅಲ್ಲ, ತಂದೆಯ ಮೇಲಿನ ಮರುಕದಿಂದ ಹೇಳಿದನು. ಹುಡುಗನ ಬದಲಿಗೆ ತನ್ನನ್ನು ದಾಸನನ್ನಾಗಿ ಇರಿಸಿಕೊಳ್ಳಬೇಕೆಂದು ಬೇಡಿದನು. ಮುದುಕ ಯಕೋಬನು ಕಿಂಚಿತ್ತೂ ಬದಲಾಗಿರಲಿಲ್ಲ. ಜೋಸೆಫನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಪರಿಚಾರಕರನ್ನೆಲ್ಲ ಹೊರಗೆ ಕಳುಹಿಸಿ, ಸೋದರರ ಮುಂದೆ ಗಟ್ಟಿಯಾಗಿ ಅತ್ತುಬಿಟ್ಟನು.